ತೇವದ ಕಡಿತ

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ನಾನು
ಮೂವತ್ತೊಂದು ವರ್ಷದಿಂದ ತೂಕದ ಗುಮಾಸ್ತ.
ಲಾರಿ ಹತ್ತುತ್ತದೆ, ಅಂಕಿ ನಡುಗಿ ನಿಲ್ಲುತ್ತದೆ,
ನಾನು ಬರೆಯುತ್ತೇನೆ.
ಇಷ್ಟಕ್ಕೇ ಮದುವೆ ಮನೆಗಳಲ್ಲಿ
ಕಂಪನಿಯಲ್ಲಿದ್ದೇನೆ ಅಂತ ಹೇಳಿಕೊಂಡು ಬಂದವನು.

ಈ ವರ್ಷ ರೇಟು ಮರ ಹತ್ತಿ ಕೂತಿದೆ.
ಬೆಳೆದವರ ಮುಖದಲ್ಲಿ ಅಪರೂಪದ ಹೊಳಪು.
ನಮ್ಮ ಗೋದಾಮಿನಲ್ಲಿ ಮಾತ್ರ
ಕೂಗಿದರೆ ಕೂಗು ವಾಪಸು ಬರುತ್ತದೆ.

ಮೊದಲಾದರೆ ತಂದಿಡುತ್ತಿದ್ದರು,
ಏರಲಿ ಏರಲಿ ಅಂತ ಒಂದು ಮಳೆ, ಎರಡು ಮಳೆ.
ಅವರು ಕಾಯುತ್ತಿದ್ದರು,
ನಾವು ಆ ಕಾಯುವಿಕೆಗೆ ಬಾಡಿಗೆ ಹಾಕುತ್ತಿದ್ದೆವು.
ಈಗ ಕಣದಲ್ಲಿ ಚೀಲದ ಬಾಯಿ ಹೊಲಿಯುವ ಮೊದಲೇ
ಪಿಕಪ್ಪಿನವನು ಬಂದು ನಿಲ್ಲುತ್ತಾನೆ,
ಫೋನು ಟಿಣ್ ಅನ್ನುತ್ತದೆ.
ಮುಗಿಯಿತು.

ಮೇಲಿನ ಕೋಣೆಯಲ್ಲಿ ಮೀಟಿಂಗು.
ಮೈಸೂರಿನಿಂದ ಬಂದ ಹುಡುಗ ಗೋಡೆಯ ಮೇಲೆ
ಬಾಣದ ಗುರುತುಗಳ ಚಿತ್ರ ಬಿಟ್ಟು ಕೇಳಿದ:
'ನೀವು ನಿಜವಾಗಿ ಮಾರುವುದೇನನ್ನು?'

ಕಾಫಿ, ಅಂದರು ಒಬ್ಬರು.
ಕಾಫಿ ನಮ್ಮದಲ್ಲವಲ್ಲ ಸಾರ್, ಸುಲಿಯುವುದಷ್ಟೇ, ಅಂದರು ಇನ್ನೊಬ್ಬರು.
ಹೊಟ್ಟು, ಅಂದ ಮೆಷಿನ್ನಿನ ಗಣಿ. ಯಾರೂ ನಗಲಿಲ್ಲ.
ಕಳೆದ ವರ್ಷ ನಾಲ್ಕು ಕಾಸು ಉಳಿದಿದ್ದು
ಇಟ್ಟಿಗೆ ಗೂಡಿಗೆ ಮಾರಿದ ಹೊಟ್ಟಿನಿಂದಲೇ.

ಚಹಾ ತಂದ ಕದೀಜಮ್ಮ ಬಾಗಿಲಲ್ಲೇ ನಿಂತಿದ್ದಳು.
ಬಣ್ಣ ನೋಡಿ ಆರಿಸುವ ಯಂತ್ರ ಬರುವ ಮೊದಲು
ಕರಿ ಕಾಳು, ಒಡಕು ಕಾಳು, ಹುಳ ಕೊರೆದ ಕಾಳು
ಅವಳ ಬೆರಳಿಗೆ ಹೆದರಿ ಪಕ್ಕಕ್ಕೆ ಸರಿಯುತ್ತಿದ್ದವು.
ಅವಳನ್ನು ಯಾರೂ ಕೇಳಲಿಲ್ಲ.
ಅವಳೂ ಹೇಳಲಿಲ್ಲ.

ಬೊಳ್ಳಮ್ಮ ಕೇಳಿದರು. ಅಚ್ಚಯ್ಯನವರ ತಂಗಿಯ ಮಗಳು,
ಚುಕ್ಕಾಣಿ ಹಿಡಿದು ಎರಡು ವರ್ಷ.
'ಹೊರದೇಶದವರಿಗೆ ಈಗ ಕಾಳಿನ ಜಾತಕ ಬೇಕಂತೆ,
ಯಾವ ಇಳಿಜಾರು, ಯಾವ ಕಣ, ಯಾರ ಕೈ.
ಅದು ನಮ್ಮಲ್ಲಿ ಇದೆಯಾ?'

ಎಲ್ಲರೂ ನನ್ನ ಕಡೆ ತಿರುಗಿದರು.

ಅರವತ್ತೆರಡು ಲೆಡ್ಜರು.
ಕೆಂಪು ಬಟ್ಟೆಯ ಬೆನ್ನು, ಗೆದ್ದಲು ತಿಂದ ಮೂಲೆ.
ಚೆಟ್ಟಳ್ಳಿ, ಹೊದ್ದೂರು, ಬೀರುನಾಣಿ,
ಮಾದಾಪುರದ ಕೂಸಪ್ಪನ ಎರಡೂವರೆ ಎಕರೆ,
ಎಲ್ಲ ನನ್ನ ಅಕ್ಷರದಲ್ಲಿ.
ಇದೇ ಆಸ್ತಿ! ಅಂತ ಹುಡುಗ ಎದ್ದೇ ನಿಂತ.
ಬದುಕಿನಲ್ಲಿ ಮೊದಲ ಸಲ
ನನಗೆ ಕುರ್ಚಿ ಎಳೆದು ಕೊಟ್ಟರು.

ಕೂತೆ. ಕೂತ ಮೇಲೆ ನೆನಪಾಯಿತು
ಐದನೆಯ ಕಾಲಮ್ಮು.

ತೇವದ ಕಡಿತ.
ಮೀಟರು ಹತ್ತೂಕಾಲು ತೋರಿಸಿದರೆ ಹನ್ನೊಂದು.
ಹನ್ನೊಂದೂಕಾಲಾದರೆ ಹನ್ನೆರಡು.
ಹೀಗೆ ಬರಿ ಅಂತ ಅಚ್ಚಯ್ಯನವರು ಯಾವತ್ತೂ ಹೇಳಿದವರಲ್ಲ.
ಬೆನ್ನ ಹಿಂದೆ ನಿಂತು ಒಮ್ಮೆ ಕೆಮ್ಮುತ್ತಿದ್ದರು.
ಚೀಲಕ್ಕೆ ಅರ್ಧ ಕಿಲೋ, ಹೆಚ್ಚೇನಲ್ಲ.
ಆ ಕೆಮ್ಮಿನಲ್ಲಿ
ಹೊಸ ಬಾಯ್ಲರು ಬಂತು, ಕಾಂಪೌಂಡು ಎದ್ದಿತು,
ನನ್ನ ಮಗಳ ಕಿವಿಯ ಓಲೆಯೂ.

ಬೊಳ್ಳಮ್ಮ ಪುಟ ತಿರುಗಿಸಿದರು. ಇನ್ನೊಂದು. ಮತ್ತೊಂದು.
ಓದಿದವರು, ಕಾಲು ಅರ್ಧ ಗೊತ್ತಾಗದವರಲ್ಲ.
'ಒಂದು ಸಲವೂ ಕೆಳಕ್ಕೆ ಇಳಿದಿಲ್ಲವಲ್ಲ,' ಅಂದರು.
ಕದೀಜಮ್ಮ ಲೋಟಗಳನ್ನು ಒಯ್ದಳು,
ಕುಡಿದದ್ದನ್ನೂ ಕುಡಿಯದ್ದನ್ನೂ.

ಮಾರನೆಯ ದಿನ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ.
ಬೈಯಲೂ ಇಲ್ಲ. ಅದು ಸುಲಭವಿತ್ತು.
ಇಬ್ಬರು ಎಲೆಕ್ಟ್ರಿಷಿಯನ್ನರು ಬಂದರು,
ನನ್ನ ಮೇಜಿನೆದುರಿನ ಅಂಕಿಪೆಟ್ಟಿಗೆ ಬಿಚ್ಚಿ
ಹೊರಗಿನ ಗೋಡೆಗೆ, ರಸ್ತೆಗೆ ಮುಖ ಮಾಡಿ
ಬಾಳೆಗೊನೆಯಷ್ಟು ಎತ್ತರದಲ್ಲಿ ಕಟ್ಟಿದರು.
ತೇವದ ಮೀಟರು ಕಿಟಕಿಯಾಚೆ ಹೋಯಿತು,
ಕದೀಜಮ್ಮನ ಕೈಗೆ.

ಈಗ ನಾನು ಬರೆಯಬೇಕಾದರೆ
ಕುರ್ಚಿಯಿಂದ ಎದ್ದು ಹೊರಗೆ ಬಂದು
ಎಲ್ಲರ ಜೊತೆ ಕತ್ತೆತ್ತಿ ನೋಡಬೇಕು.

ಹಳೆಯ ಅರ್ಧ ಕಿಲೋಗಳನ್ನು ಏನು ಮಾಡುತ್ತಾರೋ
ನನಗಿನ್ನೂ ಹೇಳಿಲ್ಲ.
ಕೂಸಪ್ಪ ಸತ್ತು ಒಂಬತ್ತು ವರ್ಷ.

ಹತ್ತು ದಿನ ಲಾರಿ ಬರಲಿಲ್ಲ.
ಹನ್ನೊಂದನೆಯ ಬೆಳಿಗ್ಗೆ ಗೇಟಿನ ನಾಯಿ
ತೂಕದ ಕಟ್ಟೆಯ ನಡುವೆ ಹೋಗಿ ಮಲಗಿತು.
ಇಪ್ಪತ್ತು, ಅಂತ ಕೆಂಪಗೆ ಹೊತ್ತಿತು ಗೋಡೆ.
ರಸ್ತೆಯಲ್ಲಿ ಜೀಪೊಂದು ನಿಧಾನವಾಯಿತು.
ಹಿಂದೆ ಐದಾರು ಚೀಲ. ಒಬ್ಬ ತಲೆ ಹೊರಗೆ ಹಾಕಿ
ನಾಯಿಯನ್ನೂ ಅಂಕಿಯನ್ನೂ
ಎರಡೆರಡು ಸಲ ನೋಡಿದ.