ಹ್ಞೂಂ ಅಂದ ಮೇಲೆ

ತಾರ್ತು ಊರಿನ ಹಲ್ಲಿನ ಆಸ್ಪತ್ರೆ. ಡಿಸೆಂಬರು.
ಮೂರೂವರೆಗೆಲ್ಲ ಕಿಟಕಿ ಕಪ್ಪು.
ನನ್ನ ಪಾಳಿ ಶುರುವಾಗುವುದೇ ಆಗ:
ಬಕೆಟ್ಟು, ಒರೆಸುವ ಕೋಲು, ಸೊಂಟದಲ್ಲಿ ಬೀಗದ ಕೈ.

ಕಾಯುವವರ ಸಾಲಿನ ಕೊನೆಗೆ, ಹೀಟರಿಗೆ ಒತ್ತಿಕೊಂಡು
ಒಂದು ಕೆಂಟಿಯಾ ತಾಳೆ.
ಆಳೆತ್ತರ, ಒಂಬತ್ತು ಗರಿ.
ತವರು ಯಾವುದೋ ದಕ್ಷಿಣ ಕಡಲಿನ ದ್ವೀಪವಂತೆ.
ಇಲ್ಲಿ ಅದರ ಬಾಯಿ ತೆಗೆಸಿ ನೋಡುವವರಿಲ್ಲ.

"ಎಸೆದುಬಿಡು, ಉರ್ವೆ," ಅಂದಳು ಮೇಲ್ವಿಚಾರಕಿ ಸಿರ್ಯೆ,
"ರೋಗ ಹಿಡಿದಿದೆ. ಬಂದವರಿಗೆ ಚೆನ್ನಾಗಿ ಕಾಣಲ್ಲ."
ಹ್ಞೂಂ ಅಂದೆ.
ಹ್ಞೂಂ ಅಂದದ್ದನ್ನೆಲ್ಲ ಮಾಡಿದ್ದರೆ
ಈ ಮಹಡಿಯಲ್ಲಿ ಕುರ್ಚಿಯೂ ಉಳಿಯುತ್ತಿರಲಿಲ್ಲ.

ಕನ್ನಡಕ ಏರಿಸಿ ಹತ್ತಿರ ಹೋದೆ.
ತುದಿ ಒಣಗಿದ್ದು ಹೀಟರಿನ ಕೆಲಸ. ಅದು ರೋಗವಲ್ಲ,
ಚಳಿಗಾಲದಲ್ಲಿ ನನ್ನ ಹಿಮ್ಮಡಿಯೂ ಹಾಗೇ.
ಕುಂಡವನ್ನು ಒಂದು ಮಾರು ಆಚೆ ಎಳೆದೆ.
ಆದರೆ ನಡುಗರಿಗಳ ಮೇಲೆ ಚುಕ್ಕೆ:
ಕಂದು ನಡು, ಹಳದಿ ಅಂಚು,
ಒದ್ದೆ ಕಾಸು ಇಟ್ಟು ತೆಗೆದ ಹಾಗೆ.

ಇದು ಬೂಷ್ಟು.
ಬೂಷ್ಟಿನ ಆಸೆ ದೊಡ್ಡದಲ್ಲ:
ಎಲೆಯ ಮೇಲೆ ಆರದೆ ನಿಂತ ಹನಿ, ಒಂದು ರಾತ್ರಿ,
ಅಷ್ಟಾದರೆ ಸಾಕು.

ಯಾರು ಹಾಕುತ್ತಾರೆ ಎಲೆಗೆ ನೀರು?
ನಾನು ಬುಡಕ್ಕೆ ಹಾಕುವವಳು.
ಮಣ್ಣಿಗೆ ಬೆರಳಿಳಿಸಿ, ಎರಡು ಗೆಣ್ಣು ಒಣಗಿದ್ದರೆ ಮಾತ್ರ,
ತಟ್ಟೆಗಿಳಿದದ್ದನ್ನು ಆಗಲೇ ಚೆಲ್ಲಿ.

ತೀರಾ ಕೆಟ್ಟ ಎರಡು ಗರಿ ತೆಗೆದೆ.
ಉಳಿದವು ಇರಲಿ, ಅರ್ಧ ಹಸಿರಾದರೂ
ಗಿಡಕ್ಕೆ ದುಡಿದು ಹಾಕುತ್ತವೆ.
ಪ್ರತಿ ಕೊಯ್ತಕ್ಕೂ ಕತ್ತರಿ ಸ್ಪಿರಿಟ್ಟಿನಲ್ಲಿ ಅದ್ದಿದೆ
(ಡಾಕ್ಟರ ಬಾಟಲಿ. ಕೇಳಿ ತಂದದ್ದಲ್ಲ).
ಒಣಗಿದ ತುದಿ ಕತ್ತರಿಸುವಾಗ
ಕಂದಿನ ಒಂದು ಎಳೆ ಬಿಟ್ಟೆ,
ಹಸಿರಿಗೆ ತಾಗಿದರೆ ಗಾಯ ಮತ್ತೆ ಮೊದಲಿಂದ.
ಸುಳಿಯ ಹತ್ತಿರ ಕೈ ಒಯ್ಯಲೇ ಇಲ್ಲ.
ಅದಕ್ಕಿರುವುದು ಒಂದೇ ಸುಳಿ.

ಮೂರು ವಾರ. ಮತ್ತೆ ಚುಕ್ಕೆ.

ಗುರುವಾರ ಬೇಗ ಬಂದು ಕಂಬದ ಮರೆಯಲ್ಲಿ ನಿಂತೆ.
ಕೊನೆಯ ಕುರ್ಚಿಯಿಂದ ಎದ್ದ ಮುದುಕ ಹೆಲ್ದುರ್.
ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲ, ಇಲ್ಲಿ ಏನು ಕೆಲಸ?
ಕೋಟಿನ ಜೇಬಿಂದ ತೆಗೆದ
ಇಸ್ತ್ರಿಗೆ ನೀರು ಚಿಮುಕಿಸುವ ಪುಟ್ಟ ಬಾಟಲಿ.
ಫುಸ್. ಫುಸ್.
ಗರಿಗರಿಗೂ, ಅಡಿಗೂ ಮೇಲಕ್ಕೂ,
ಮಗುವಿಗೆ ಟೊಪ್ಪಿ ಕಟ್ಟುವಷ್ಟು ನಿಧಾನ.

"ಈ ಹೀಟರ್ ಕೂರಿಸಿದವನು ನಾನೇ," ಅಂದ ತಿರುಗದೆ,
ನಾನಿದ್ದದ್ದು ಅವನಿಗೆ ಗೊತ್ತಿತ್ತು.
"ಎಂಬತ್ತೆರಡರಲ್ಲಿ. ಈ ಕಿಟಕಿಗೆ ಇಷ್ಟು ದೊಡ್ಡದು ಬೇಕಿರಲಿಲ್ಲ.
ಗಾಳಿಯನ್ನೆಲ್ಲ ಕುಡಿಯುತ್ತೆ.
ಪಾಪ, ಇದಕ್ಕೆ ಬಾಯಾರುತ್ತೆ."

ಹೇಗೆ ಹೇಳಲಿ?
ನಿನ್ನ ಮರುಕವೇ ಈ ಚುಕ್ಕೆ ಅಂತ?
ನೆಲ ಒರೆಸಿದೆ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದೆ.
ಕೊನೆಗೆ ಕೇಳಿದೆ: "ಸ್ಪ್ಯಾನರ್ ಇದೆಯೇ ಮನೆಯಲ್ಲಿ?"

ಮರುದಿನ ತಂದ. ಮಂಡಿಯೂರಿ, ನರಳಿ,
ವಾಲ್ವನ್ನು ಎರಡು ಸುತ್ತು ತಗ್ಗಿಸಿದ.
ನಾನು ಅಗಲದ ತಟ್ಟೆಗೆ ಬೆಣಚುಕಲ್ಲು ಹರಡಿ
ಕಲ್ಲು ಮುಳುಗದಷ್ಟು ನೀರು ಹುಯ್ದೆ.
ಅದರ ಮೇಲೆ ಕುಂಡ, ಬೇರು ನೀರಿಗೆ ತಾಗದಂತೆ.
"ತೇವ ಗಾಳಿಗೆ ಸಿಗಲಿ," ಅಂದೆ, "ಎಲೆಗೆ ಬೇಡ."
ಅವನು ಬಹಳ ಹೊತ್ತು ಚುಕ್ಕೆಗಳನ್ನೇ ನೋಡಿದ.
ಬಾಟಲಿಯನ್ನು ನನ್ನ ಬಕೆಟ್ಟಿಗೆ ಹಾಕಿದ, ಮಾತಿಲ್ಲದೆ.

ಈಗ ಗುರುವಾರ ಬರುತ್ತಾನೆ,
ಹಿಂಡಿದ ಬಟ್ಟೆಯಿಂದ ಧೂಳು ಒರೆಸುತ್ತಾನೆ,
ಗರಿಯಡಿಯಲ್ಲಿ ಜೇಡನುಸಿಯ ಬಲೆ ಉಂಟೋ ಅಂತ
ನನ್ನ ಕನ್ನಡಕವನ್ನೇ ಕೇಳಿ ಇಸಿದುಕೊಂಡು ನೋಡುತ್ತಾನೆ.

ಹಳೆಯ ಚುಕ್ಕೆ ಮಾಯುವುದಿಲ್ಲ.
ಗರಿ ಉದುರುವ ತನಕ ಗರಿಯ ಜೊತೆಗೇ ಇರುತ್ತದೆ.

ಮಾರ್ಚಿನಲ್ಲಿ ಸುಳಿಯಿಂದ ಒಂದು ಈಟಿ ಎದ್ದಿದೆ,
ಮಡಿಸಿದ ಬೀಸಣಿಗೆಯಷ್ಟು ಬಿಗಿ, ಚುಕ್ಕೆಯಿಲ್ಲ.
"ಹೊಸ ಗಿಡ ತಂದೆಯಾ?" ಕೇಳಿದಳು ಸಿರ್ಯೆ.

ಹ್ಞೂಂ ಅಂದೆ.