ಸೆಕೆಂಡ್ ಶೋ ಬಿಟ್ಟ ಮೇಲೆ

ಗೋಣಿಕೊಪ್ಪದ ಟಾಕೀಸು ಬಾಗಿಲು ತೆರೆದಾಗ
ಗಂಟೆ ಹನ್ನೆರಡೂ ಮುಕ್ಕಾಲು.
ಜೀಪಿನ ಹಿಂದೆ ಎಂಟು ಜನ, ನನ್ನ ಪಕ್ಕ ಇಬ್ಬರು,
ಯಾರ ಮೊಣಕಾಲು ಯಾರದೆಂದು ತಿಳಿಯದ ಹಾಗೆ.
ಬಸ್‌ಸ್ಟ್ಯಾಂಡ್ ದಾಟುವ ಮೊದಲೇ ತೀರ್ಪು ಶುರು.

ಮೊದಲರ್ಧ ರಬ್ಬರು, ಎಂದ ಮೀನಿನ ಮೊಯ್ದು.
ಇಂಟರ್ವಲ್ ಆದಮೇಲೆ ನೋಡು ಮಾರಾಯ,
ಇಟ್ಟಿಗೆ ಗೂಡಿನಿಂದ ಆ ಕೈ ಹೊರಗೆ ಬಂತಲ್ಲ,
ಕಡ್ಲೆ ಪೊಟ್ಟಣ ನನ್ನ ಮುಷ್ಟಿಯಲ್ಲೇ ಹುಡಿ.

ಗ್ರಾಫಿಕ್ಸ್ ಕಳಪೆ, ಐದಕ್ಕೆ ಎರಡೂವರೆ,
ಎಂದ ಕಾಲೇಜಿನ ಬಿಪಿನ್.
ಹೊಗೆ ಹೊಗೆಯ ಹಾಗೇ ಇರಲಿಲ್ಲ.

ಟೈಲರ್ ರೆಜಿನಾಳ ಚಿಂತೆ ಬೇರೆ:
ಹೆಣ್ಣು ಸುಟ್ಟು ಬೂದಿಯಾದಳು,
ಸೀರೆಯ ನೆರಿಗೆ ಮಾತ್ರ ಕೆಡಲಿಲ್ಲ.
ಅಂಚಿಗೆ ಫಾಲ್ಸ್ ಬೇರೆ ಹೊಲಿದಿತ್ತು, ನಾನು ನೋಡಿದೆ.

ಸುಬೇದಾರ್ ಚಿಟ್ಟಿಯಪ್ಪ ಕೆಮ್ಮಿದರು.
ಸತ್ತವರು ಏಳುವುದಿಲ್ಲ.
ಹಿಮದಿಂದ ಹನ್ನೊಂದು ಜನರನ್ನು ಎತ್ತಿದ್ದೇನೆ,
ಒಬ್ಬನೂ ನನ್ನ ಕಡೆ ತಿರುಗಿ ನೋಡಲಿಲ್ಲ.
ವರ್ಷ ವರ್ಷ ಕಾರಣರಿಗೆ ಇದೇ ಸುಬೇದಾರರು
ಕೋಳಿ ಸಾರು, ಬ್ರಾಂದಿ ಮೀಸಲಿಡುವುದನ್ನು
ಯಾರೂ ನೆನಪಿಸಲಿಲ್ಲ. ದಾರಿ ದೂರ ಇತ್ತು.

ನಿನಗೆ ಹೇಗನ್ನಿಸಿತು ಬೊಳ್ಳಿ? ಕೇಳಿದಳು ರೆಜಿನಾ.
ಕೊನೆಯಲ್ಲಿ ಕೂತ ಬೊಳ್ಳಿ
ಒಳಗೆ ಸೆಖೆ, ಎಂದಳು. ಅಷ್ಟೆ.

ದೇವರಪುರದ ಹತ್ತಿರ ಆನೆ.
ಎಂಜಿನ್ ನಿಲ್ಲಿಸಿದೆ, ದೀಪ ಆರಿಸಿದೆ.
ಈಗ ಟಿಕೆಟ್ಟಿಲ್ಲದ ಕತ್ತಲು.
ಬಿದಿರು ಮುರಿಯುವ ಸದ್ದು ಎಡಕ್ಕೆ, ಆಮೇಲೆ
ಯಾವ ಕಡೆಗೂ ಅಲ್ಲ.
ಸತ್ತವರಿಗೆ ಹೆದರದ ಸುಬೇದಾರರ ಕೈ
ಮೊಯ್ದುವಿನ ತೋಳು ಹಿಡಿದಿತ್ತು.

ಸುಮ್ಮನಿದ್ದಾಗ ನನಗೂ ಒಂದು ಅಭಿಪ್ರಾಯ ಬಂತು.
ಆ ಸಿನಿಮಾದಲ್ಲಿ ಒಬ್ಬ ಡ್ರೈವರ್ ಇದ್ದ.
ಟೆಂಪೋದ ಹಿಂಬಾಗಿಲು ಇಳಿಸುತ್ತಾನೆ,
ಆ ಕಡೆ ತಿರುಗಿ ಬೀಡಿ ಹಚ್ಚುತ್ತಾನೆ,
ಅರ್ಧ ನಿಮಿಷ ಕೂಡ ಇಲ್ಲ, ಮುಖವೂ ಕಾಣದು.
ಅವಳು ಧಣಿಯನ್ನು ಮುಗಿಸಿದಳು, ಧಣಿಯ ತಮ್ಮನನ್ನು,
ರೈಟರನ್ನು, ಇನ್ಸ್‌ಪೆಕ್ಟರನ್ನು.
ಡ್ರೈವರ್‌ನ ಸರದಿ ಈಗ, ಈಗ ಎಂದು
ಕುರ್ಚಿಯ ಕೈ ಒತ್ತಿ ಹಿಡಿದು ಕೂತಿದ್ದೆ.
ದೀಪ ಹತ್ತಿತು. ಜನ ಎದ್ದು ಅಡ್ಡ ನಿಂತರು.
ಅವರ ತಲೆಗಳ ನಡುವೆ ಹೆಸರಿನ ಪಟ್ಟಿ ಪೂರ್ತಿ ಓದಿದೆ.
ಅಲ್ಲೂ ಅವನಿಲ್ಲ.

ಆರು ವರ್ಷದ ಹಿಂದೆ, ಮೆಣಸು ಕುಯ್ಲಿನ ಕಾಲ,
ಈಗ ರೆಜಿನಾ ಕೂತ ಜಾಗದಲ್ಲಿ
ಒಬ್ಬ ಹುಡುಗನನ್ನು ಮಲಗಿಸಿದ್ದರು.
ಏಣಿಯಿಂದ ಬಿದ್ದ ಅಂತ ಹೇಳು, ಎಂದರು.
ಆಸ್ಪತ್ರೆಯಲ್ಲಿ ಹೇಳಿದೆ. ಠಾಣೆಯಲ್ಲಿ ಹೇಳಿದೆ.
ಎಷ್ಟನೇ ಮೆಟ್ಟಿಲಿನಿಂದ? ಎಂದು ಕೇಳಿದರು.
ಹದಿನಾಲ್ಕು, ಎಂದೆ.
ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆನೆ ಹೋಯಿತು ಎಂದು ಯಾರೋ ಅಂದರು.
ಆನೆ ಹೋದದ್ದು ಯಾರಿಗೂ ಕಾಣಲಿಲ್ಲ.

ಒಬ್ಬೊಬ್ಬರೇ ಇಳಿದರು, ಇಳಿಯುತ್ತಾ ಹಗುರಾದರು.
ಹಾಡು ಒಂದು ಕಡಿಮೆ ಮಾಡಬಹುದಿತ್ತು.
ಆ ಪೊಲೀಸಿನವನ ಮೀಸೆ ಅಂಟಿಸಿದ್ದು.
ದುಡ್ಡಿಗೆ ಮೋಸ ಇಲ್ಲ ಬಿಡು.

ಕೊನೆಗೆ ಲೈನ್‌ಮನೆಗಳ ತಿರುವು.
ಬೊಳ್ಳಿ ಸೆರಗಿನ ಗಂಟು ಬಿಚ್ಚಿ
ನಾಲ್ಕು ಮಡಿಕೆಯ ನೋಟು ಕೊಟ್ಟಳು.
ಬೇಡ, ಎಂದೆ. ಅವತ್ತಿನಿಂದ ಹಾಗೇ ಅನ್ನುತ್ತೇನೆ,
ಅವತ್ತಿನಿಂದ ಹಾಗೇ ಕೊಡುತ್ತಾಳೆ,
ಆ ಹುಡುಗನ ಅಕ್ಕ.

ಇನ್ನೊಂದು ಭಾಗ ಉಂಟಂತೆ, ಎಂದಳು.
ಗೋಡೆಯ ಮೇಲೆ ಬರೆದಿದ್ದಾರಂತೆ, ಮೊಯ್ದು ಓದಿ ಹೇಳಿದ.
ಹೌದಾ, ಎಂದೆ.
ಬಂದಾಗ ಹೇಳು. ನಿನ್ನ ಜೀಪಿನಲ್ಲೇ ಬರ್ತೇನೆ.

ಬೆಳಕಿನ ವೃತ್ತದಿಂದ ಅವಳು ಆಚೆ ಹೋದಳು,
ಸೀರೆಯಲ್ಲಿ ನೆರಿಗೆಯೇ ಇರಲಿಲ್ಲ.
ಇಪ್ಪತ್ತು ವರ್ಷದಿಂದ ಓಡಿಸುವ ಗಾಡಿ ಇದು,
ರಿವರ್ಸ್ ಗೇರ್ ಎಲ್ಲಿದೆ ಎಂದು ಕೈ ತಡಕಾಡಿತು.