ಗುತ್ತಲು ರಸ್ತೆಯ ಕ್ಲಚ್ ಪ್ಲೇಟುಗಳು

ಅಂಗೈ ನೋಡಿ ಹೇಳುವವರು ಬಸ್‌ಸ್ಟ್ಯಾಂಡಿನಲ್ಲಿದ್ದಾರೆ.
ನಾನು ಅಂಗಾಲು ಹೇಳುತ್ತೇನೆ. ಎಡಗಾಲು ಮಾತ್ರ.
ಮನುಷ್ಯ ಎದುರಿಗೆ ಇರಲೇಬೇಕೆಂದಿಲ್ಲ.
ಬಿಚ್ಚಿದ ಪ್ಲೇಟನ್ನು ಸೀಮೆಎಣ್ಣೆಯಲ್ಲಿ ಉಜ್ಜಿ
ಬಾಗಿಲ ಬೆಳಕಿಗೆ ಹಿಡಿದರೆ ಸಾಕು.

ಇದು ಕೆಂಪಚನ್ನನದು. ಅಂಚು ಸುಟ್ಟಿದೆ,
ರಿವೆಟ್ಟಿನ ತಲೆ ನೀಲಿಗಟ್ಟಿದೆ.
ಪೆಡಲಿನ ಮೇಲಿಂದ ಕಾಲೇ ತೆಗೆಯದ ಆಸಾಮಿ,
ಬೀಗರ ಮನೆಯಲ್ಲಿ ಕುರ್ಚಿಯ ತುದಿಗೆ ಕೂತು
ಎದ್ದು ಹೊರಡಲು ನೆಪ ಹುಡುಕುವವನಂತೆ.
ಹಾಗಂತ ಒಮ್ಮೆ ಅಂದೂ ಬಿಟ್ಟೆ.
‘ನಿಂಗ್ಯಾರು ಹೇಳುದ್ರು?’ ಅಂತ ಬೆಚ್ಚಿದ.

ಇದು ಸಾತನೂರಿನ ಪುಟ್ಟಮಾದುವಿನದು. ಸಿಟ್ಟು.
ಧಣಿ ಬೈದ ದಿನ ಕ್ಲಚ್ಚನ್ನು ಧಡಲ್ಲನೆ ಬಿಡುತ್ತಾನೆ;
ನಾಲ್ಕರಲ್ಲಿ ಮೂರು ಸ್ಪ್ರಿಂಗು ಮುರಿದಿವೆ.

ಬುಡನ್ ಸಾಬರ ಪ್ಲೇಟು ನನ್ನ ಕೈಗೆ ಬಂದದ್ದು
ಹದಿನೇಳು ವರ್ಷಕ್ಕೆ ಎರಡೇ ಸಲ.
ಇಂಜಿನ್ನಿನ ದನಿಯಲ್ಲಿ ಸಣ್ಣದೊಂದು ಬಿರುಕು ಬರುತ್ತದಂತೆ,
ಆ ಬಿರುಕಿನಲ್ಲಿ ಗೇರು ತಾನಾಗಿ ಜಾರುತ್ತದಂತೆ,
ಬೆಣ್ಣೆಯೊಳಗಿನ ಕೂದಲಿನ ಹಾಗೆ. ಕಾಲೇ ಬೇಡ.
‘ಕಿವಿಯಿಂದ ಓಡಿಸಬೇಕಪ್ಪಾ’ ಅನ್ನುತ್ತಿದ್ದರು.
ಕೊನೆಕೊನೆಗೆ ಕಿವಿ ಕೇಳದಾಯಿತು,
ಲಾರಿ ಮಾರಿದರು.

ಈ ಸಲ ಕಬ್ಬು ಅರೆಯುವ ಹೊತ್ತಿಗೆ ಮುದ್ದಯ್ಯ ಬಂದ.
ಮಂಡಿ ಹೋಗಿ, ಎರಡು ವರ್ಷ
ಫ್ಯಾಕ್ಟರಿಯ ವೇಬ್ರಿಡ್ಜಿನಲ್ಲಿ ಚೀಟಿ ಹರಿಯುತ್ತಿದ್ದವನು,
ಮತ್ತೆ ಡ್ರೈವರಾಗಿ ಬಂದ.
ಗಾಡಿಗೆ ಎರಡೇ ಪೆಡಲು. ಗೇರು ಅದೇ ಹಾಕಿಕೊಳ್ಳುತ್ತದೆ.

ನಾನು ಸುಮ್ಮನಿರಲಿಲ್ಲ.
‘ಇಪ್ಪತ್ತು ಟನ್ನು ಹೇರ್ಕೊಂಡು ಏರು ಹತ್ತುವಾಗ
ಇದು ಯೋಚನೆ ಮಾಡ್ಕೊಂಡು ನಿಂತರೆ?’
‘ನಿಂತ್ಕತದೆ ಕನಣ್ಣ,’ ಅಂದ,
‘ಎರಡು ಗೇರಿನ ಮಧ್ಯ,
ಮದುವೆ ಚೌಟ್ರೀಲಿ ಚಪ್ಪಲಿ ಹುಡುಕೋನಂಗೆ.
ಆಮೇಲೆ ಸಿಕ್ತದೆ.
ಮದ್ದೂರು ದಾಟೋಕೆ ಇನ್ನೂರಾ ಹತ್ತು ಸಲ ತುಳೀತಿದ್ದೆ,
ಎಣಿಸಿವ್ನಿ.
ನೀನು ಪ್ಲೇಟು ಬದಲಾಯಿಸ್ತಿದ್ದೆ.
ನನ್ ಮಂಡಿಚಿಪ್ಪು ಯಾರು ಬದಲಾಯಿಸೋರು?’

ಇದಕ್ಕೆ ನನ್ನ ಅಂಗಡಿಯಲ್ಲಿ ಉತ್ತರವಿರಲಿಲ್ಲ.
ಜಾಕ್ ಕೊಟ್ಟು ಗೇರ್‌ಬಾಕ್ಸ್ ಇಳಿಸಿದೆವು.

ಪೆಡಲಿಲ್ಲದಿದ್ದರೂ ಒಳಗೆ ಪ್ಲೇಟಿದೆ. ಸವೆದೂ ಇದೆ.
ತೊಳೆದೆ, ಬಾಗಿಲಿಗೆ ಹಿಡಿದೆ,
ತಿರುಗಿಸಿ ಹಿಡಿದೆ, ಕನ್ನಡಕ ಒರೆಸಿಕೊಂಡೆ.
ಸುತ್ತಲೂ ಒಂದೇ ತೆಳು. ಕಲೆಯಿಲ್ಲ, ನೀಲಿಯಿಲ್ಲ.
ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದದಲ್ಲಿ
ಬರೀ ಮಸಿ, ಗೆರೆಯೇ ಇಲ್ಲ.

‘ನಿನ್ ಬಗ್ಗೆ ಏನೂ ಹೇಳ್ತಾ ಇಲ್ವಲ್ಲೋ ಇದು.’
‘ಹೇಳೋದು ಬ್ಯಾಡ ಬುಡು.
ಹೇಳ್ತಿದ್ದುದೆಲ್ಲ ನೋವೇ ಆಗಿತ್ತು.’

ಮೈಸೂರಿನಿಂದೊಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದು
ಹೊಸ ಪ್ಲೇಟಿಗೂ ಗಾಡಿಗೂ ಪರಿಚಯ ಮಾಡಿಸಿದ,
ಹೊಸ ಸೊಸೆಯನ್ನು ಮನೆಮನೆಗೆ ತೋರಿಸಿದಂತೆ.
ಅರ್ಧ ಗಂಟೆ. ಬಿಲ್ಲು
ನನ್ನ ಎರಡು ದಿನದ ಕೂಲಿಗಿಂತ ಜಾಸ್ತಿ.
ಕೈಗೆ ಗ್ರೀಸೂ ಅಂಟಿರಲಿಲ್ಲ ಅವನಿಗೆ;
ಆದರೂ ಹೋಗುವಾಗ ತೊಳೆದುಕೊಂಡ.

ಗಾಡಿ ಈಚೆಗೆ ತೆಗೆಯಲು ನಾನೇ ಹತ್ತಿ ಕೂತೆ.
ಎಡಗಾಲಿಗೆ ಕೆಲಸವಿಲ್ಲ. ಎಲ್ಲಿಡುವುದು ಅಂತ
ಕೆಳಗೆ ನೋಡಿದೆ.

ಬ್ರೇಕಿನ ಹತ್ತಿರ ರಬ್ಬರು ಮ್ಯಾಟು ಇನ್ನೂ ಗಟ್ಟಿ.
ಈಚೆ, ಎಡಕ್ಕೆ, ಏನೂ ಇಲ್ಲದ ಜಾಗದಲ್ಲಿ
ಚಪ್ಪಲಿಯ ಮುಂಭಾಗದಷ್ಟು ಅಗಲಕ್ಕೆ ತೂತು;
ಅದರೊಳಗೆ ತಗಡು,
ಮುಟ್ಟಿ ಮುಟ್ಟಿ ಬೆಳ್ಳಗಾದ ತಗಡು.

ಅಲ್ಲೇ ಕಾಲಿಟ್ಟೆ. ಒಂದು ಸಲ ಒತ್ತಿದೆ.
ಮುದ್ದಯ್ಯನಿಗೆ ಏನೂ ಹೇಳಲಿಲ್ಲ.
ಹಿಂದೆ ನಿಂತು, ಕೈ ಆಡಿಸುತ್ತಾ, ಕೂಗುತ್ತಿದ್ದ:
ಬರ್ಲಿ, ಬರ್ಲಿ, ಇನ್ನೂ ಬರ್ಲಿ.